ಪರಶಪ್ಪನ ಗಡ್ಡದ ಹರಕೆ

ದೇವರು ಗಂಡಸಿಗೆ ಗಡ್ಡ ಕೊಟ್ಟ. ಇಟ್ಟುಕೊಳ್ಳುವುದನ್ನೂ ತೆಗೆಸುವುದನ್ನೂ ಅವನವನ ಇಷ್ಟಕ್ಕೆ ಬಿಟ್ಟ. ರೋಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರನಾಗಿದ್ದ ಪರಶಪ್ಪನ ವಿಷಯದಲ್ಲಿ ಮಾತ್ರ ಆ ಇಷ್ಟ ಅವನ ಕೈತಪ್ಪಿ ಮೂರು ಊರಿನವರ ಪಾಲಾಯಿತು. ಅದು ಹೇಗಾಯಿತೆಂಬುದನ್ನು ಮೊದಲಿನಿಂದಲೇ ಹೇಳಬೇಕು.

ಪರಶಪ್ಪನಿಗೆ ಐವತ್ತೆರಡು ವರ್ಷ. ಬಸ್ಸು ಬಂದರೆ ಬಂತೆಂದು ಬರೆದುಕೊಳ್ಳುವುದು, ಹೋದರೆ ಹೋಯಿತೆಂದು ಕೂಗುವುದು ಅವನ ಕೆಲಸ. ಬುಧವಾರ ಮತ್ತು ರವಿವಾರ, ವಾರಕ್ಕೆ ಎರಡು ಸಲ, ನಿಲ್ದಾಣದ ಎದುರಿನ ಮದರಸಾಬನ ಕಟಿಂಗ್ ಅಂಗಡಿಗೆ ಹೋಗಿ ಎಡಗಡೆಯ ಕುರ್ಚಿಯಲ್ಲಿ ಕುಳಿತು ಗಲ್ಲ ಎತ್ತಿ ಕೊಡುತ್ತಿದ್ದ. ಮದರಸಾಬ ಹಿತ್ತಾಳೆ ಬಟ್ಟಲಲ್ಲಿ ಸಾಬೂನು ಕಲಸಿ, ನೊರೆ ಹಚ್ಚಿ, ಬ್ಲೇಡು ಬದಲಿಸಿ, ಎರಡು ಸಲ ಎಳೆದು, ಕೊನೆಗೆ ಪಟಿಕದ ಹರಳನ್ನು ಒದ್ದೆ ಮಾಡಿ ಗಲ್ಲಕ್ಕೆ ಸವರಿ ಬಿಡುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಇದು ಹೀಗೇ ನಡೆದಿತ್ತು. ಗಲ್ಲವೂ ಗೆಳೆತನವೂ ನುಣ್ಣಗೆ ಇದ್ದವು.

ಕೆಡುಕು ಗೋವಾದಿಂದ ಬಂತು. ಪರಶಪ್ಪನ ಹೆಂಡತಿ ಅನಿತಾಳ ತಮ್ಮ ಮಂಜು ಅಲ್ಲಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು, ಅಕ್ಕನ ಮಗಳು ಭಾರತಿಯ ಮದುವೆ ಮಾತು ಕೂಡಿಬಂದಿದೆಯೆಂದು ಕೇಳಿ ಊರಿಗೆ ಬಂದ. ಬರುವಾಗ ಅಕ್ಕನ ಗಂಡನಿಗೆಂದು ಕರಿಯ ಪೆಟ್ಟಿಗೆಯೊಂದನ್ನು ತಂದ. ಅದರೊಳಗೆ ನೊರೆಯ ಡಬ್ಬಿ, ಮುಖ ತೊಳೆಯುವ ಇದ್ದಿಲ ಬಣ್ಣದ ದ್ರವ, ಗಡ್ಡ ತೆಗೆಸಿದ ಮೇಲೆ ಹಚ್ಚಿಕೊಳ್ಳುವ ನೀಲಿ ನೀರು.

"ಮಾವಾ, ನರಗುಂದದ ಬೀಗರು ಬರೂ ಹೊತ್ತಿಗೆ ನೀ ಸಾಹೇಬರಂಗ ಕಾಣಬೇಕು" ಎಂದ ಮಂಜು.

ಈ ಬೀಗರ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ವರ ಬಸವಪ್ರಸಾದ, ನರಗುಂದದಲ್ಲಿ ಪಂಪ್‌ಸೆಟ್ ದುರಸ್ತಿ ಮಾಡುವ ಸಂಭಾವಿತ ಹುಡುಗ. ಹುಡುಗಿಗೆ ಹುಡುಗ, ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಾಗಿತ್ತು. ಅಮಾವಾಸ್ಯೆ ಕಳೆದ ಮೇಲಿನ ಗುರುವಾರ ನಿಶ್ಚಯವೆಂದು ಗೊತ್ತಾಗಿತ್ತು. ಆದರೆ ಆ ಮನೆಯಲ್ಲಿ ಕೊನೆಯ ಮಾತು ವರನ ಅಜ್ಜ ಕಳಕಪ್ಪನದು. ಅಜ್ಜನಿಗೆ ಎಪ್ಪತ್ತೆಂಟು ವರ್ಷ. ತಲೆ ಹತ್ತಿಯಂತೆ ಬೆಳ್ಳಗಾಗಿದ್ದರೂ ಮೀಸೆ ಮಾತ್ರ ಕಾಡಿಗೆಯಂತೆ ಕಪ್ಪು. ಗಜೇಂದ್ರಗಡದ ಗುಡ್ಡದ ಕಳಕಪ್ಪ, ಅಂದರೆ ಕಾಲಕಾಲೇಶ್ವರ, ಅವನ ಮನೆದೇವರು. ಆ ದೇವರ ಕೃಪೆಯಿಂದಲೇ ಮೀಸೆ ನರೆತಿಲ್ಲವೆಂದು ನರಗುಂದದಲ್ಲಿ ನಂಬಿಕೆ. ಅದೂ ಅಲ್ಲದೆ ಅಜ್ಜ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಮುಖಕ್ಕೆ ಶಲ್ಯ ಸುತ್ತಿಕೊಂಡು ಇಡೀ ದಿನ ಮೌನ ಆಚರಿಸುತ್ತಿದ್ದ. ಇಂಥ ಮನೆಗೆ ಹೆಣ್ಣು ಕೊಡುವುದೆಂದರೆ ಸಣ್ಣ ಮಾತಲ್ಲ.

ಆದ್ದರಿಂದ ಪರಶಪ್ಪ ಸಾಹೇಬನಾಗಲು ಹೊರಟ. ರವಿವಾರ ಮದರಸಾಬನ ಅಂಗಡಿಯಲ್ಲಿ ಕುರ್ಚಿಯಿಂದ ಏಳುವ ಮೊದಲು ಕಿಸೆಯಿಂದ ನೀಲಿ ಬಾಟಲಿ ತೆಗೆದು, "ಪಟಿಕಾ ಸಾಕಪಾ ಮದರಸಾಬ, ಇನ್ನ ಮ್ಯಾಲೆ ಇದು" ಎಂದು ಅರ್ಧ ಅಂಗೈ ಸುರುವಿಕೊಂಡು ಕುತ್ತಿಗೆಯತನಕ ಬಳಿದುಕೊಂಡ. ಮದರಸಾಬ ಮೂಸಿ ನೋಡಿ, "ವಾಸನಿ ಭಾರೀ ಐತಿ. ಮಾರಿಗೆ ಹಚ್ಚೂದೋ, ಗೋಡಿಗೆ ಹಚ್ಚೂದೋ?" ಎಂದ. ಪರಶಪ್ಪ ನಕ್ಕು ನಿಲ್ದಾಣಕ್ಕೆ ಹೋದ. ಆ ದಿನ ಹೊಳೆಆಲೂರಿನ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು, "ಇಲ್ಲಿ ಯಾರ ಮದುವ್ಯೋ ಯಪ್ಪಾ?" ಎಂದು ಕೇಳಿದಳು. ಪರಶಪ್ಪ ಅದನ್ನು ಮೂರು ಜನರಿಗೆ ಹೇಳಿಕೊಂಡ.

ಮಂಗಳವಾರ ಬೆಳಿಗ್ಗೆ ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳು ಎದ್ದವು. ತುರಿಕೆ ಹತ್ತಿತು. ಪರಶಪ್ಪ ಬಾಟಲಿ ಕೈಗೆತ್ತಿಕೊಂಡ. ಅದರ ಬೆನ್ನಿಗೆ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರಗಳಿದ್ದವು. ತಾಯಿ ಗಾಳೆವ್ವ ಕಣ್ಣಿನ ಪೊರೆ ತೆಗೆಸಿದಾಗ ದವಾಖಾನೆಯಲ್ಲಿ ಕೊಟ್ಟಿದ್ದ ಕನ್ನಡಕ ಹಾಕಿಕೊಂಡು ನೋಡಿದ. ತಿಳಿಯದೆ ಮಗಳನ್ನು ಕರೆದ. ಬಿ.ಎಡ್. ಮುಗಿಸಿದ್ದ ಭಾರತಿ ಒಂದೊಂದನ್ನೇ ಓದಿದಳು. ಮಿಥೈಲ್ ಪ್ಯಾರಾಬೆನ್, ಫಿನಾಕ್ಸಿ ಎಥನಾಲ್, ಲಿಮೋನೀನ್. ಪರಶಪ್ಪನ ಕಿವಿಗೆ ಅವು ಯುದ್ಧಕ್ಕೆ ಬಂದ ರಾಕ್ಷಸರ ಹೆಸರುಗಳಂತೆ ಕೇಳಿಸಿದವು.

"ಕಡೀಕ ಬರೇ 'ಪರಿಮಳ' ಅಂತ ಐತಿ ನೋಡಪಾ" ಎಂದಳು ಭಾರತಿ.

"ಯಾತರ ಪರಿಮಳ? ಮಲ್ಲಿಗಿದೋ, ಡೀಸಲ್‌ದೋ?"

"ಬರದಿಲ್ಲ."

"ಬರದಿಲ್ಲಂದ್ರ ಮುಚ್ಚಿಟ್ಟಾರ!"

ಮುಚ್ಚಿಟ್ಟದ್ದನ್ನು ತೆರೆಯಲು ಈ ಕಾಲದಲ್ಲಿ ಫೋನಿದೆ. ಪರಶಪ್ಪ ಒಂದು ವಿಡಿಯೋ ನೋಡಿದ. ನೋಡಿದ್ದಕ್ಕೆ ಫೋನು ಹತ್ತು ತೋರಿಸಿತು. ಬಿಳಿ ಕೋಟು ತೊಟ್ಟ ಮನುಷ್ಯನೊಬ್ಬ, ಅವನ ಹಿಂದೆ ಕಾಣುತ್ತಿದ್ದುದು ಮೊಬೈಲ್ ಅಂಗಡಿ, ಬೆರಳು ಎತ್ತಿ ಎತ್ತಿ ಹೇಳಿದ: ನೊರೆಯಲ್ಲಿ ವಿಷ, ಸಾಬೂನಿನಲ್ಲಿ ವಿಷ, ಪೌಡರಿನಲ್ಲಿ ವಿಷ. ಪಟಿಕದಲ್ಲಿ ಏನಿದೆ ಗೊತ್ತೇ? ಅಲ್ಯೂಮಿನಿಯಂ! ಪರಶಪ್ಪ ಅಡಿಗೆಮನೆಯ ಕಡೆ ನೋಡಿದ. ತನ್ನ ಗಲ್ಲದ ಮೇಲೆ ಇಪ್ಪತ್ತೆರಡು ವರ್ಷ ಪಾತ್ರೆಯನ್ನೇ ಉಜ್ಜಿದಂತಾಯಿತಲ್ಲ ಎಂದು ಅವನಿಗೆ ಬೆವರು ಬಂತು. ಆ ಬೆವರು ಗುಳ್ಳೆಗೆ ತಾಗಿ ಉರಿ ಹೆಚ್ಚಾಯಿತು. ವಿಡಿಯೋದ ಮಾತಿಗೆ ಅದೇ ಸಾಕ್ಷಿಯಾಯಿತು.

ಬುಧವಾರ ಪರಶಪ್ಪ ಕುರ್ಚಿಗೆ ಹೋಗಲಿಲ್ಲ. ರವಿವಾರವೂ ಹೋಗಲಿಲ್ಲ. ಗೆಳೆಯನಿಗೆ ಮುಖ ತೋರಿಸುವ ಧೈರ್ಯವಿಲ್ಲದೆ, ಎದುರಿನ ಬಾಗಿಲು ಬಿಟ್ಟು ಬಸ್ಸುಗಳು ಹೊರಹೋಗುವ ಹಿಂದಿನ ದಾರಿಯಿಂದ ನಿಲ್ದಾಣಕ್ಕೆ ಬರತೊಡಗಿದ. ಗಡ್ಡ ತನ್ನ ಪಾಡಿಗೆ ತಾನು ಬೆಳೆಯಿತು. ಕಪ್ಪು ಬಿಳುಪು ಬೆರೆತು, ಗುಳ್ಳೆಗಳ ಜಾಗದಲ್ಲಿ ಖಾಲಿ ಬಿಟ್ಟು, ಮಳೆ ಸರಿಯಾಗಿ ಬೀಳದ ಹೊಲದಂತೆ ಕಾಣುತ್ತಿತ್ತು.

ಹತ್ತನೆಯ ದಿನ ರೋಣ-ನರಗುಂದ ಬಸ್ಸಿನ ಕಂಡಕ್ಟರ್ ಬಾಷಾಸಾಬ ಆ ಗಡ್ಡವನ್ನು ನೋಡಿದ. ನಮ್ಮ ಕಡೆ ಇದಕ್ಕೊಂದು ರೀತಿಯಿದೆ. ವಾರಕ್ಕೆರಡು ಸಲ ಗಡ್ಡ ತೆಗೆಸುವ ಮನುಷ್ಯ ಹತ್ತು ದಿನ ಬಿಟ್ಟನೆಂದರೆ ಮನೆಯಲ್ಲಿ ಸೂತಕವೆಂದೇ ಅರ್ಥ. ಯಾರು ಹೋದರೆಂದು ಸಂಭಾವಿತರು ಎದುರಿಗೆ ನಿಂತು ಕೇಳುವುದಿಲ್ಲ. ಬಾಷಾಸಾಬ ಸಂಭಾವಿತ. ಅವನು ಪರಶಪ್ಪನ ಕೈ ಹಿಡಿದು, ತಲೆ ತಗ್ಗಿಸಿ, "ದೇವರ ಇಚ್ಛಾರಿ, ಸಾಹೇಬ್ರ" ಎಂದ.

ಗುಳ್ಳೆಯ ಬಗ್ಗೆ ಹೇಳುತ್ತಿದ್ದಾನೆಂದು ತಿಳಿದ ಪರಶಪ್ಪ, "ಭಾಳ ತ್ರಾಸ ಆತಪಾ. ರಾತ್ರಿ ನಿದ್ದಿಲ್ಲ" ಎಂದ.

"ವಯಸ್ಸಾಗಿತ್ತು ಬಿಡ್ರಿ" ಎಂದ ಬಾಷಾಸಾಬ.

"ನನಗೇನ ಅಂಥಾ ವಯಸ್ಸಪಾ?" ಎಂದು ಪರಶಪ್ಪ ಕೇಳುವುದರೊಳಗೆ ಬಸ್ಸು ಹೊರಟಿತು. ಮನೆಯಲ್ಲಿ ವಯಸ್ಸಾದವಳೆಂದರೆ ಗಾಳೆವ್ವ ಒಬ್ಬಳೇ. ಬಾಷಾಸಾಬ ಅಸೂಟಿಯ ಕಂಡಕ್ಟರನಿಗೆ ಹೇಳಿದ. ಅವನು ಅಸೂಟಿಯಲ್ಲಿ ಹೇಳಿದ.

ಅಸೂಟಿಯಲ್ಲಿ ಪರಶಪ್ಪನ ಸೋದರತ್ತೆ ಅಡಿವೆವ್ವ ಇದ್ದಳು. ಅವಳಿಗೂ ಅವಳ ಅಣ್ಣನ ಹೆಂಡತಿ ಗಾಳೆವ್ವನಿಗೂ ನಲವತ್ತು ವರ್ಷಗಳ ಜಗಳ. ಯಾವುದಕ್ಕೆಂದು ಇಬ್ಬರಿಗೂ ಮರೆತುಹೋಗಿತ್ತು. ಜಗಳ ಮಾತ್ರ ಹಸಿಯಾಗಿತ್ತು. ಮರುದಿನ ಬೆಳಗಿನ ಬಸ್ಸಿಗೆ ಅಡಿವೆವ್ವ ಆರು ಮಂದಿ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಓಣಿಯ ಮೂಲೆ ತಿರುಗುತ್ತಲೇ ದನಿ ಎತ್ತಿ ಹಾಡಿಕೊಂಡು ಅಳತೊಡಗಿದಳು.

"ಬಂಗಾರದಂಥಾ ನಮ್ಮ ವೈನೀ! ತಾ ಉಣಲಾರದ ನನಗ ಉಣಿಸಿದಾಕೀ! ಓಣಿಗೆಲ್ಲಾ ದೀಪಾ ಆಗಿದ್ದಾಕೀ! ನನ್ನ ಬಿಟ್ಟ ಎತ್ತ ಹೋದೀ ನಮ್ಮವ್ವಾ!"

ಹಿತ್ತಲಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಗಾಳೆವ್ವನಿಗೆ ಅಳು ಕೇಳಿಸಿತು. ಯಾರೋ ಹೋದರೆಂದು ಅವಳು ಸೆರಗು ಹೊದ್ದು ಹೊರಬಂದು, ಹೆಂಗಸರ ನಡುವೆ ಕುಳಿತು, ರೀತಿಗೆ ತಪ್ಪಬಾರದೆಂದು ತಾನೂ ನಾಲ್ಕು ಹನಿ ಕಣ್ಣೀರು ಹಾಕಿದಳು. ಆಮೇಲೆ ಪಕ್ಕದವಳನ್ನು ಮೆಲ್ಲಗೆ ಕೇಳಿದಳು:

"ಯಾರಬೇ ಹೋದಾರು?"

"ಪರಶಪ್ಪನ ಅವ್ವಬೇ. ಗಾಳೆವ್ವ" ಎಂದಳು ಆ ಹೆಂಗಸು ಮೂಗು ಒರೆಸಿಕೊಳ್ಳುತ್ತ.

"ಅಯ್ಯ, ಯಾವಾಗಬೇ?" ಎಂದು ಕೇಳಿದ ಮೇಲೆಯೇ ಗಾಳೆವ್ವನಿಗೆ ಅದು ತಾನೆಂದು ಹೊಳೆಯಿತು.

ಅಡಿವೆವ್ವ ಕಣ್ಣು ತೆರೆದಳು. ಎದುರಿಗೆ ಬಂಗಾರದಂಥ ವೈನಿ ಕುಳಿತಿದ್ದಳು. ಅಡಿವೆವ್ವನ ಹಾಡು ಅರ್ಧಕ್ಕೇ ನಿಂತಿತು.

"ಯಾಕ ನಿಂದರಸಿದಿ?" ಎಂದಳು ಗಾಳೆವ್ವ. "ಹಾಡ. ಓಣಿಗೆಲ್ಲಾ ದೀಪಾ ಆಗಿದ್ದಾಕಿ, ಆಮ್ಯಾಲೆ?"

"ನೀ ಜೀವಂತ ಇದ್ದೀ!" ಎಂದಳು ಅಡಿವೆವ್ವ, ಮೋಸವಾಯಿತೆಂಬ ದನಿಯಲ್ಲಿ.

"ಇದ್ದೇನಿ. ನಲವತ್ತ ವರ್ಷದಾಗ ನನ್ನ ಮುಂದ ಒಂದ ಚಲೋ ಮಾತ ಆಡಿಲ್ಲ ನೀ. ಇವತ್ತ ಬಂದೈತಿ, ಪೂರಾ ಮುಗಿಸೇ ಹೋಗು."

ಹೋದವರಿಗಾಗಿ ನಾವು ಆಡುವ ಒಳ್ಳೆಯ ಮಾತುಗಳೆಲ್ಲ ತಡವಾಗಿ ಬಂದ ಬಸ್ಸುಗಳು. ಹತ್ತಬೇಕಾದವರು ನಿಲ್ದಾಣದಲ್ಲಿ ಇರುವುದಿಲ್ಲ. ಗಾಳೆವ್ವನ ಪುಣ್ಯ ದೊಡ್ಡದು, ಅವಳಿಗೆ ಬಸ್ಸು ಸಿಕ್ಕಿತು. ಅವಳು ಕಾಲು ಚಾಚಿ ಕುಳಿತೇ ಬಿಟ್ಟಳು.

ಅಷ್ಟರಲ್ಲಿ ಅಳು ಕೇಳಿ ಮದರಸಾಬ ಅಂಗಡಿ ಮುಚ್ಚಿ ಓಡಿಬಂದಿದ್ದ. ಪರಶಪ್ಪನೂ ನಿಲ್ದಾಣದಿಂದ ಏದುಸಿರು ಬಿಡುತ್ತ ಬಂದ. ಅಡಿವೆವ್ವನ ದುಃಖವೆಲ್ಲ ಸಿಟ್ಟಾಗಿ ಅವನ ಕಡೆ ತಿರುಗಿತು.

"ಯಾರೂ ಸತ್ತಿಲ್ಲಂದ್ರ ಗಡ್ಡಾ ಯಾಕ ಬಿಟ್ಟೀಯೋ ಮೂಳಾ? ಆರ ಮಂದಿ ಹೊಲದಾಗಿನ ಬಿತ್ತಿಗಿ ಬಿಟ್ಟ ಬಂದಾರ!"

ಪರಶಪ್ಪ ಬಾಯಿ ತೆರೆದ. ಎದುರಿಗೆ ಮದರಸಾಬ ನಿಂತಿದ್ದ. ಅವನ ಭುಜದ ಮೇಲೆ ಆ ಹಳೆಯ ಬಿಳಿ ಅರಿವೆ ಇನ್ನೂ ಹಾಗೇ ಇತ್ತು. ಇಪ್ಪತ್ತೆರಡು ವರ್ಷ ಗಲ್ಲ ಹಿಡಿದ ಗೆಳೆಯನ ಎದುರಿಗೆ, ಓಣಿಯೆಲ್ಲ ಕೇಳುವಂತೆ, 'ಇವನ ಸಾಬೂನಿಗೆ ಅಂಜಿ ಬಿಟ್ಟಿದ್ದೇನೆ' ಎಂದು ಹೇಗೆ ಹೇಳುವುದು? ನಾಳೆ ಆ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ? ಮೇಲಾಗಿ ನೀಲಿ ಬಾಟಲಿಯ ಬಗ್ಗೆ ಮೂರು ಜನರ ಮುಂದೆ ಆಡಿದ ದೊಡ್ಡ ಮಾತೂ ಇತ್ತು. ಅವನ ನಾಲಿಗೆ ತಾನೇ ಒಂದು ದಾರಿ ಹುಡುಕಿತು.

"ಹರಕಿ" ಎಂದ ಪರಶಪ್ಪ.

"ಯಾವ ದೇವರಿಗೆ?"

"ಗಜೇಂದ್ರಗಡದ... ಕಳಕಪ್ಪಗ."

"ಏನಂತ?"

"ಹರಕಿ ತೀರೋತನಕ ಬಾಯಿಬಿಟ್ಟ ಹೇಳಬಾರದಬೇ ಅತ್ತಿ."

ಹೆಂಗಸರೆಲ್ಲ ತಲೆದೂಗಿದರು, ಅದು ನಿಜವೇ. ಮದರಸಾಬ ಮುಂದೆ ಬಂದು, "ಮದಲ ಹೇಳಬಾರದೇನೋ ಮಾರಾಯಾ? ನಾ ಏನೋ ಸಿಟ್ಟಿಗೆದ್ದಾನ ಅಂತ ತಿಳಕೊಂಡಿದ್ದೆ. ನಿನ್ನ ಬಟ್ಟಲಾ ಬ್ಯಾರೆ ತಗದ ಮುಚ್ಚಿ ಇಡತೀನಿ. ಹರಕಿ ತೀರಿದ ದಿನಾ ನನ್ನ ಕೈಲೇ ತಗಿಬೇಕು" ಎಂದು ಕಣ್ಣು ಒದ್ದೆ ಮಾಡಿಕೊಂಡ. ಪರಶಪ್ಪನಿಗೆ ಕುತ್ತಿಗೆಗಿಂತ ಒಳಗೆಲ್ಲೋ ಹೆಚ್ಚು ತುರಿಸಿತು.

ಸುಳ್ಳಿಗೆ ಸರ್ಕಾರಿ ಬಸ್ಸಿನ ಸೌಕರ್ಯ ಸಿಕ್ಕರೆ ಕೇಳಬೇಕೆ? ಬೆಳವಣಕಿಗೆ ಹೋಗುವ ಬಸ್ಸಿನಲ್ಲಿ ಅದು ಮಳೆಗಾಗಿ ಹೊತ್ತ ಹರಕೆಯಾಯಿತು. ಹೊಳೆಆಲೂರಿನ ಬಸ್ಸಿನಲ್ಲಿ ಹೊಳೆ ಊರೊಳಗೆ ಬರದಿರಲೆಂದು ಹೊತ್ತ ಹರಕೆಯಾಯಿತು. ಎರಡೂ ಒಂದೇ ಗಡ್ಡದಿಂದ ಆಗಬೇಕಿತ್ತು. ಕಾಲೇಜಿನ ಹುಡುಗಿಯರು ಪರೀಕ್ಷೆಗೆ ಮೊದಲು ಬಂದು ಅವನಿಗೆ ಕೈಮುಗಿದು ಬಸ್ಸು ಹತ್ತತೊಡಗಿದರು. ಒಂದು ದಿನ ತಪಾಸಣೆಗೆ ಬಂದ ಮೇಲಧಿಕಾರಿ ಗಡ್ಡವನ್ನು ದುರುಗುಟ್ಟಿ ನೋಡಿ, "ಇದೇನ್ರಿ ಅವತಾರ? ಬರವಣಿಗಿಲೇ ಉತ್ತರಾ ಕೊಡ್ರಿ" ಎಂದ. ಪರಶಪ್ಪ 'ದೈವ ಸಂಬಂಧಿ ಕಾರಣ' ಎಂದು ಬರೆದುಕೊಟ್ಟ. ಅಧಿಕಾರಿ ಓದಿದ, ಎದ್ದು ಬಾಗಿಲು ಹಾಕಿದ, ದನಿ ತಗ್ಗಿಸಿದ.

"ಕಳಕಪ್ಪಗ ಹೊತ್ತೀರಂತಲ್ಲ? ಅದರಾಗ ನನ್ನ ವರ್ಗಾವಣಿದೂ ಒಂದ ಮಾತ ಸೇರಸಲಿಕ್ಕೆ ಬರತೈತೇನ್ರಿ?"

"ಮ್ಯಾಲಿಂದ ಸೇರಸಲಿಕ್ಕೆ ಬರೂದಿಲ್ರಿ ಸರ್."

"ಬರತೈತಿ ಅಂದ್ರ ನೋಡ್ರಿ. ಗದಗ ಆದ್ರೂ ನಡೀತೈತಿ" ಎಂದು ಅಧಿಕಾರಿ ನಮ್ರತೆಯಿಂದ ಹೇಳಿ ಹೋದ.

ಕೊನೆಗೆ ಸುದ್ದಿ ಬಾಷಾಸಾಬನ ಬಸ್ಸಿನಲ್ಲಿ ನರಗುಂದ ಸೇರಿತು. ಕಳಕಪ್ಪಜ್ಜ ಅದನ್ನು ಕೇಳಿ ಬಹಳ ಹೊತ್ತು ಮೀಸೆ ತಿರುವಿದ. ಹೆಣ್ಣಿನ ತಂದೆ, ನಿಶ್ಚಯಕ್ಕೆ ಮೂರು ವಾರವಿರುವಾಗ, ಅಜ್ಜನ ಮನೆದೇವರಿಗೇ, ಯಾರಿಗೂ ಹೇಳಬಾರದ ಹರಕೆ ಹೊತ್ತಿದ್ದಾನೆ. ಯಾಕೆ? ಹಿರಿಯರು ಕೂಡಿ ಲೆಕ್ಕ ಹಾಕಿದರು. ಹುಡುಗಿಗೆ ಏನೋ ಜಡ್ಡು ಇರಬೇಕು. ಮದುವೆಯೊಳಗೆ ವಾಸಿಯಾಗಲಿ ಎಂದು ಹೊತ್ತಿರಬೇಕು.

ಫೋನು ಬಂದದ್ದು ನಿಶ್ಚಯಕ್ಕೆ ಐದು ದಿನ ಉಳಿದಾಗ. ಅಜ್ಜ ಸುತ್ತು ಬಳಸಿ ಮಾತಾಡುವವನಲ್ಲ.

"ಪರಶಪ್ಪಾ, ಹರಕಿ ಏನಂತ ಕೇಳೂದ ತಪ್ಪು. ಆದ್ರ ಅದು ಹುಡುಗಿ ಸಲುವಾಗಿ ಹೊತ್ತಿದ್ದ ಇದ್ರ, ತಿಳೀಲಾರದ ನಾವು ಮುಂದ ಹೆಜ್ಜಿ ಇಡಂಗಿಲ್ಲ. ಬುಧವಾರ ಮುಂಜಾನೆ ಎರಡೂ ಮನಿಯವರು ಗಜೇಂದ್ರಗಡಕ್ಕ ಹೋಗೂಣು. ನಮ್ಮಪ್ಪಗ ಹೊತ್ತ ಹರಕಿ ನಮ್ಮಪ್ಪನ ಮುಂದ ಹೇಳು. ಹೇಳಿದ್ರ ಗುರುವಾರ ನಿಶ್ಚಯ. ಇಲ್ಲಂದ್ರ ಇಲ್ಲ."

ಪರಶಪ್ಪ ಫೋನಿಟ್ಟು ಹೆಂಡತಿಗೂ ಮಗಳಿಗೂ ಇದ್ದದ್ದನ್ನು ಹೇಳಿದ. ಅನಿತಾ ಹಣೆ ಚಚ್ಚಿಕೊಂಡಳು. ಭಾರತಿ ಅಳಲಿಲ್ಲ, ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅಪ್ಪಾ, ಅಂಜಿದಾಂವ ನೀನು. ಜಡ್ಡ ಐತಿ ಅಂತ ಹೆಸರ ಬಂದಿದ್ದ ನನಗ" ಎಂದು ಹೇಳಿ ಒಳಗೆ ಹೋದಳು.

"ಏಳ್ರಿ ಮ್ಯಾಲೆ" ಎಂದಳು ಅನಿತಾ. "ಹಾಳ ವಿಡಿಯೋ ನೋಡಿದ್ದ ಸಾಕು. ಖರೇ ಡಾಕ್ಟರ್ ಮುಂದ ಕುಂದರ್ರಿ."

ದವಾಖಾನೆಯಲ್ಲಿ ಡಾಕ್ಟರ್ ಅಫ್ರೀನ ಇದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು; ಬೇಗ ನಗುವ ಸ್ವಭಾವ, ಆದರೆ ಕೆಲಸದ ಹೊತ್ತಿನಲ್ಲಿ ನಗಬಾರದೆಂಬ ಹಟ. ಪರಶಪ್ಪ ಕರಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ರಾಕ್ಷಸರ ಹೆಸರುಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದ. ಅವರು ಗಡ್ಡ ಸರಿಸಿ ಕುತ್ತಿಗೆ ನೋಡಿದರು.

"ಕಾಕಾ, ನೀಲಿ ನೀರಿನ ವಾಸನಿ ನಿಮ್ಮ ಚರ್ಮಕ್ಕ ಆಗಿಬಂದಿಲ್ಲ. ಕೆಲವು ಮಂದಿಗೆ ಹಂಗ ಆಗತೈತಿ. ಅದನ್ನ ಬಿಟ್ಟಬಿಡ್ರಿ, ಇಷ್ಟ. ಮುಲಾಮ ಕೊಡತೀನಿ."

"ಮತ್ತ ಸಾಬೂನ್ರಿ? ಪಟಿಕಾರಿ? ಅಲ್ಯೂಮಿನಿಯಂ ಐತಂತ್ರಿ!"

"ಇಪ್ಪತ್ತೆರಡ ವರ್ಷ ಏನಾತು?"

"ಏನೂ ಆಗಿಲ್ರಿ."

"ಹಂಗಾದ್ರ ಸಾಬೂನಿಗೆ ಯಾಕ ಅಂಜತೀರಿ? ಒಬ್ಬರಿಗೆ ಹಾಕಿದ ಬ್ಲೇಡ ಇನ್ನೊಬ್ಬರಿಗೆ ಹಾಕಿದ್ರ ಅಂಜ್ರಿ."

"ಮದರಸಾಬ ಪ್ರತಿ ಸಲಾ ಹೊಸಾದ ಹಾಕತಾನ್ರಿ."

"ನಿಮಗಿಂತ ಅವರಿಗೇ ಬುದ್ಧಿ ಐತಿ ಬಿಡ್ರಿ. ಅಂಜಲೇಬೇಕಂದ್ರ ಕೂದಲಿಗೆ ಹಚ್ಚೂ ಕರೀ ಬಣ್ಣಕ್ಕ ಅಂಜ್ರಿ. ಕೆಲವರಿಗೆ ಮಾರಿ ಬಾತ ಬರತೈತಿ. ಮದಲ ಕಿವಿ ಹಿಂದ ಒಂದ ಚೂರ ಹಚ್ಚಿ ಎರಡ ದಿನಾ ನೋಡಬೇಕು. ಒಮ್ಮೆ ಬಾವು ಬಂತಂದ್ರ ಜನ್ಮದಾಗ ಮತ್ತ ಮುಟ್ಟಬಾರದು."

"ನಾ ಬಣ್ಣಾ ಹಚ್ಚೂದಿಲ್ರಿ."

"ಹಂಗಾದ್ರ ಹೋಗಿ ಗಡ್ಡಾ ತಗಸ್ರಿ" ಎಂದು ಡಾಕ್ಟರ್ ಹಟ ಮರೆತು ನಕ್ಕೇ ಬಿಟ್ಟರು.

ಆದರೆ ಈಗ ತೆಗೆಸುವುದು ಹೇಗೆ? ಹರಕೆಯೆಂದ ಮೇಲೆ ತೀರದೆ ತೆಗೆಸಿದರೆ ದೇವರಿಗೆ ದ್ರೋಹವೆಂದು ಊರು ಅಂದೀತು. ತೆಗೆಸದಿದ್ದರೆ ಮಗಳಿಗೆ ಜಡ್ಡೆಂದು ನರಗುಂದ ಅಂದೀತು. 'ಮಳೆಗಾಗಿ ಹೊತ್ತೆ' ಎಂದು ಇನ್ನೊಂದು ಸುಳ್ಳು ಹೇಳಿದರೆ ಹೇಗೆ ಎಂದು ಪರಶಪ್ಪ ತಾಯಿಯನ್ನು ಕೇಳಿದ. ಗಾಳೆವ್ವ ಜಪಮಣಿ ಕೆಳಗಿಟ್ಟಳು.

"ಒಮ್ಮೆ ಅವನ ಹೆಸರಲೇ ಸುಳ್ಳ ಹೇಳಿದಿ. ದೊಡ್ಡಾಂವ, ಸುಮ್ಮನ ಇದ್ದಾನು. ಅವನ ಮೆಟ್ಟಲದ ಮ್ಯಾಲೇ ನಿಂತ ಇನ್ನೊಮ್ಮೆ ಹೇಳತೀಯೇನು? ನಾ ಹಡದಿದ್ದ ಮಗನ್ನೋ, ಆ ಫೋನ್‌ನೋ?"

ಬುಧವಾರ ಬೆಳಿಗ್ಗೆ ಎಲ್ಲರೂ ಗಜೇಂದ್ರಗಡದ ಗುಡ್ಡ ಹತ್ತಿದರು. ಅಡಿವೆವ್ವನೂ ಬಂದಿದ್ದಳು, ಆರು ಮಂದಿ ಕೆಲಸ ಬಿಟ್ಟದ್ದು ಯಾವ ಹರಕೆಗೆಂದು ತಿಳಿಯುವ ಹಕ್ಕು ತನಗಿದೆಯೆಂದು ಅವಳ ವಾದ. ಮದರಸಾಬ ಪೆಟ್ಟಿಗೆ ಹಿಡಿದು, ಮುಚ್ಚಿಟ್ಟಿದ್ದ ಹಿತ್ತಾಳೆ ಬಟ್ಟಲನ್ನು ಬೆಳಗಿಕೊಂಡು ಬಂದಿದ್ದ. ದರ್ಶನವಾಯಿತು. ಮೆಟ್ಟಿಲ ಮೇಲೆ ಒಂದು ಕಡೆ ನರಗುಂದದವರು, ಒಂದು ಕಡೆ ರೋಣದವರು ಕುಳಿತರು. ಬಸವಪ್ರಸಾದ ಭಾರತಿಯ ಕಡೆ ನೋಡಿದ. ಭಾರತಿ ತಂದೆಯ ಕಡೆ ನೋಡಿದಳು.

"ಹೇಳು" ಎಂದ ಕಳಕಪ್ಪಜ್ಜ.

ಪರಶಪ್ಪ ಗರ್ಭಗುಡಿಯ ಕಡೆಗೊಮ್ಮೆ ಕೈಮುಗಿದ.

"ಅಜ್ಜಾರ, ಹುಡುಗಿಗೆ ಯಾವ ಜಡ್ಡೂ ಇಲ್ಲ. ಹರಕೀನೂ ಇಲ್ಲ. ನಾ ಅಂಜಿ ಗಡ್ಡಾ ಬಿಟ್ಟೆ. ಕೇಳಿದಾಗ ನಾಚಿಗ್ಯಾಗಿ ಹರಕಿ ಅಂದೆ."

"ಯಾತಕ್ಕ ಅಂಜಿದಿ?"

"ಸಾಬೂನಿಗ್ರಿ."

ಮೇಲಿನ ಮೆಟ್ಟಿಲಲ್ಲಿ ಮರಿಯ ತಲೆ ನೋಡುತ್ತಿದ್ದ ಮಂಗವೂ ಕೈ ನಿಲ್ಲಿಸಿತು.

"ಸಾಬೂನಿಗೆ" ಎಂದ ಅಜ್ಜ.

"ಹೌದ್ರಿ. ನೊರಿಗೆ, ಪಟಿಕಕ್ಕ, ಪೌಡರಿಗೆ. ಫೋನ್‌ನ್ಯಾಗ ವಿಷಾ ಅಂತ ಹೇಳಿದ್ರು."

ಮೊದಲು ಎದ್ದವನು ಮದರಸಾಬ. "ಇಪ್ಪತ್ತೆರಡ ವರ್ಷ ಗಂಟಲದ ಮ್ಯಾಲೆ ಕತ್ತಿ ಇಟ್ಟಾಗ ಅಂಜಲಿಲ್ಲ ನೀ, ಪರಶಾ. ನೊರಿಗೆ ಅಂಜಿದಿ?" ಎಂದು ಹೇಳಿ ಮುಖ ತಿರುವಿ ಬಟ್ಟಲನ್ನು ಪೆಟ್ಟಿಗೆಯೊಳಗೆ ಇಟ್ಟ. ಅಡಿವೆವ್ವ, "ಸಾಬೂನಿನ ಸಲುವಾಗಿ ನಾ ಈಕಿಗೆ ಬಂಗಾರದಂಥಾಕಿ ಅಂದೆ!" ಎಂದು ಎದೆ ಬಡಿದುಕೊಂಡಳು.

ಕಳಕಪ್ಪಜ್ಜ ಎದ್ದು ನಿಂತ. "ಪರಶಪ್ಪಾ, ನೀ ಒಬ್ಬನ ಬಾ" ಎಂದು ಬಂಡೆಯಿಂದ ನೀರು ಜಿನುಗುವ ಅಂತರಗಂಗೆಯ ಕಡೆ, ಗೋಡೆಯ ಮರೆಗೆ ನಡೆದ. ಸಂಬಂಧ ಮುರಿಯುವ ಮಾತನ್ನು ಹೆಣ್ಣಿನ ಎದುರಿಗೆ ಆಡಬಾರದೆಂದು ಕರೆದೊಯ್ದನೆಂದೇ ಎಲ್ಲರೂ ತಿಳಿದರು. ಅನಿತಾ ಮಗಳ ಕೈ ಹಿಡಿದುಕೊಂಡಳು.

ಗೋಡೆಯ ಮರೆಯಲ್ಲಿ ಅಜ್ಜ ಹಿಂದೆ ನೋಡಿದ, ಮುಂದೆ ನೋಡಿದ. ಒಳಂಗಿಯ ಕಿಸೆಗೆ ಕೈ ಹಾಕಿ ಮಡಚಿದ ಪುಟ್ಟ ಕಾಗದದ ಪೆಟ್ಟಿಗೆಯೊಂದನ್ನು ತೆಗೆದ. ಅದರ ಮೇಲೆ ಕಪ್ಪು ಕೂದಲಿನ ಯುವಕನೊಬ್ಬ ನಗುತ್ತಿದ್ದ.

"ನಿನಗ ಇವನ್ನ ಓದೂದ ತಿಳೀತೈತಲ್ಲ? ಇದರ ಬೆನ್ನ ಮ್ಯಾಲೆ ಏನ ಬರದಾರ ನೋಡು" ಎಂದು ಪಿಸುಗುಟ್ಟಿದ.

ಪರಶಪ್ಪ ಪೆಟ್ಟಿಗೆ ನೋಡಿದ. ಆಮೇಲೆ ಮೀಸೆ ನೋಡಿದ.

"ಮೀಸಿಗೆ ಏನ ನೋಡತಿ? ಅದನ್ನ ಓದು. ಹದಿನೈದ ದಿನಕ್ಕೊಮ್ಮೆ ಹಚ್ಚತೀನಿ. ಹಚ್ಚಿದ ಮರುದಿನಾ ಮ್ಯಾಲಿನ ತುಟಿ ಕಡಬಿನಂಗ ಬಾತಿರತೈತಿ. ಮಾತ ಹೊರಡೂದಿಲ್ಲ."

"ಅಂದ್ರ... ಹುಣ್ಣಿಮಿ ಅಮಾಸಿಗೆ ಮೌನ..."

"ಮತ್ತೇನ ಮಾಡ್ಲಿ? ಮಂದಿ ಮೌನ ಅಂದ್ರು. ನಾ ಅಲ್ಲ ಅನಲಿಲ್ಲ. ಬಾಯಿ ಬಾತಾಗ ಅಲ್ಲ ಅನಲಿಕ್ಕೆ ಎಲ್ಲಿ ಬರತೈತಿ?"

ಪರಶಪ್ಪ ತಾಯಿಯ ಕನ್ನಡಕ ಏರಿಸಿ, ಈ ಮೂರು ವಾರದ ವಿದ್ಯೆಯನ್ನೆಲ್ಲ ಕೂಡಿಸಿ, ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ ಡಾಕ್ಟರ್ ಅಫ್ರೀನ ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ಒಮ್ಮೆ ಬಾವು ಬಂದರೆ ಜನ್ಮದಲ್ಲಿ ಮತ್ತೆ ಮುಟ್ಟಬಾರದು. ಅಜ್ಜ ಮೂರು ಸಲ ನಿಟ್ಟುಸಿರುಬಿಟ್ಟು, ಅಂತರಗಂಗೆಯಲ್ಲಿ ಕೈಕಾಲು ತೊಳೆದುಕೊಂಡ.

"ಹದಿಮೂರ ವರ್ಷ ಆತಪಾ. ನನಗ ಅಂಜಿಕಿ ಇರಲಿಲ್ಲ ಅಂತೀಯೇನು? ಹೇಳೂ ಧೈರ್ಯ ಇರಲಿಲ್ಲ. ನೀ ಅಷ್ಟ ಮಂದಿ ಮುಂದ ಹೇಳಿಬಿಟ್ಟಿ" ಎಂದ.

ಇಬ್ಬರೂ ಗೋಡೆಯ ಈಚೆ ಬಂದಾಗ ಎಲ್ಲರೂ ಅವರತ್ತಲೇ ನೋಡುತ್ತ ಕುಳಿತಿದ್ದರು. ಅಜ್ಜ ಕೋಲು ಊರಿ ನಿಂತ.

"ದೇವರ ಮುಂದ ತನ್ನ ಹುಚ್ಚತನಾ ತಾನ ಒಪ್ಪಿಕೊಂಡ ಮನಷ್ಯಾನ ಮಗಳು ನಮ್ಮ ಮನಿಗೆ ಬೇಕು. ನಾಳೆ ನಿಶ್ಚಯ. ಯಾರೂ ಮುಂದ ಕೇಳಬ್ಯಾಡ್ರಿ."

ಭಾರತಿ ಆಗ ಅತ್ತಳು. ಬಸವಪ್ರಸಾದ ನೀರಿನ ಬಾಟಲಿ ಮುಂದೆ ಹಿಡಿದ. ಹಿರಿಯರು ನೋಡದವರಂತೆ ಆಕಾಶ ನೋಡಿದರು.

ಪರಶಪ್ಪ ಮದರಸಾಬನ ಎದುರಿಗೆ, ಕೆಳಗಿನ ಮೆಟ್ಟಿಲಲ್ಲಿ ಕುಳಿತು, ಗಲ್ಲ ಎತ್ತಿ ಕೊಟ್ಟ. ಮದರಸಾಬ ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದ. ಆಮೇಲೆ ಬಟ್ಟಲು ಹೊರಗೆ ಬಂತು.

"ಇದು ನೀರು" ಎಂದ ಗಲ್ಲ ಒದ್ದೆ ಮಾಡುತ್ತ. "ಇದರಾಗ ಏನೈತಿ ಅಂದ್ರ, ನೀರ ಐತಿ. ಅಂಜಬ್ಯಾಡ. ಇದು ಸಾಬೂನು. ಇದರಾಗ ಸಾಬೂನ ಐತಿ. ಇದು ಬ್ರಶ್ಶು. ಕಡಿಯೂದಿಲ್ಲ. ಇದು ನನ್ನ ಕೈ. ಇದರಾಗ ಇಪ್ಪತ್ತೆರಡ ವರ್ಷ ಐತಿ. ಬರಕೋ."

"ಲೇ, ಸಾಕ ಬಿಡೋ" ಎಂದ ಪರಶಪ್ಪ ನೊರೆಯೊಳಗಿಂದ.

"ಮಾತಾಡಬ್ಯಾಡ. ಕತ್ತಿ ಹತ್ತೀತು."

ಎರಡು ತಿಂಗಳ ಮೇಲೆ ನರಗುಂದದಲ್ಲಿ ಮದುವೆ ಆಯಿತು. ಪರಶಪ್ಪನ ಗಲ್ಲ ಕನ್ನಡಿಯಂತಿತ್ತು. ಗಾಳೆವ್ವ ಅಡಿವೆವ್ವನನ್ನು ಪಕ್ಕದಲ್ಲೇ ಕೂಡಿಸಿಕೊಂಡು, "ಓಣಿಗೆಲ್ಲಾ ದೀಪಾ ಅಂದಿ, ಅಲ್ಲಿಗೆ ನಿಂದರಸಿದಿ" ಎಂದು ಇನ್ನೂ ಬಾಕಿ ಕೇಳುತ್ತಿದ್ದಳು. ಆದರೆ ಬಂದವರ ಕಣ್ಣೆಲ್ಲ ಕಳಕಪ್ಪಜ್ಜನ ಮೇಲೆ. ಅವನ ಮೀಸೆ ಬೆಳ್ಳಗೆ, ಹತ್ತಿಯಂತೆ, ಮುಖದ ತುಂಬ ಹರಡಿತ್ತು. ಅಷ್ಟೇ ಅಲ್ಲ, ಆ ತಿಂಗಳ ಅಮಾವಾಸ್ಯೆಗೆ ಅಜ್ಜ ಬೆಳಗಿನಿಂದ ಸಂಜೆಯವರೆಗೆ ಬಿಡದೆ ಮಾತಾಡಿದ್ದನಂತೆ. ಮನೆಯವರಿಗೆ ಹಳೆಯ ಮೌನದ ಬೆಲೆ ಆಗ ತಿಳಿಯಿತಂತೆ.

ಬಾಷಾಸಾಬ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಪರಶಪ್ಪನ ಹತ್ತಿರ ಬಂದ. ಕಂಡಕ್ಟರನ ಮುಖದಲ್ಲಿ ಮೂರು ಊರಿನ ಕುತೂಹಲವಿತ್ತು.

"ಸಾಹೇಬ್ರ, ಅಜ್ಜಾರು ಮೀಸಿ ಬೆಳ್ಳಗ ಬಿಟ್ಟಾರಲ್ಲ, ಏನೋ ಹರಕಿ ಹೊತ್ತಾರ ಅಂತ ನರಗುಂದ ತುಂಬ ಮಾತ ಐತ್ರಿ. ನೀವು ಬೀಗರು, ನಿಮಗ ಗೊತ್ತಿರತೈತಿ. ಏನಂತ್ರಿ?"

ದೂರದಿಂದ ಅಜ್ಜ ಇತ್ತಲೇ ನೋಡುತ್ತಿದ್ದ. ಪರಶಪ್ಪ ತನ್ನ ನುಣ್ಣನೆಯ ಗಲ್ಲವನ್ನು ಮೆಲ್ಲಗೆ ಸವರಿಕೊಂಡ.

"ಹರಕಿ ತೀರೋತನಕ ಬಾಯಿಬಿಟ್ಟ ಹೇಳಬಾರದಪಾ, ಬಾಷಾಸಾಬ" ಎಂದ.